ಸಣ್ಣ ಚಿನ್ನದ ಗಣಿ ಕಂಪನಿಗಳ ಷೇರು: ಮೂರು ಬಗೆಯ ಮಾತುಗಳನ್ನು ತೂಗಿ ನೋಡುವುದು

ದಾವಣಗೆರೆ, ಚಿತ್ರದುರ್ಗದ ಸೀಮೆಯಲ್ಲಿ ನೆಲದಡಿ ಚಿನ್ನವಿದೆ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಗದಗದ ಕಡೆಯಿಂದ ಶ್ರೀರಂಗಪಟ್ಟಣದ ಕಡೆಗೆ ಚಾಚಿರುವ ಚಿತ್ರದುರ್ಗ ಶಿಸ್ಟ್ ಪಟ್ಟಿ ಎಂಬ ಹಳೆಯ ಕಲ್ಲಿನ ಸಾಲು ಹಾದುಹೋಗುವುದು ಈ ಸೀಮೆಯ ಹೊಲ, ಗುಡ್ಡಗಳ ಕೆಳಗೇ. ಇಂಗಳದಾಳದಲ್ಲಿ ತಾಮ್ರದ ಗಣಿ ನಡೆದಿತ್ತು. ಶಿರಾ ತಾಲ್ಲೂಕಿನ ಅಜ್ಜನಹಳ್ಳಿಯಲ್ಲಿ ಹಟ್ಟಿ ಚಿನ್ನದ ಗಣಿ ಕಂಪನಿ ಅದಿರು ತೆಗೆದಿತ್ತು. ಹೊನ್ನಾಳಿ ಸೀಮೆಯ ಕುದುರೆಕೊಂಡದ ಸುತ್ತ ಹಿಂದಿನವರು ಚಿನ್ನಕ್ಕಾಗಿ ತೋಡಿದ ಗುಂಡಿಗಳಿವೆ. ಇಂಥ ನೆಲದಲ್ಲಿ ಬೆಳೆದವರಿಗೆ ‘ನಮ್ಮ ಗುಡ್ಡದಲ್ಲಿ ಚಿನ್ನ ಸಿಕ್ಕಿದೆ’ ಎಂಬ ಕಂಪನಿಯ ಪ್ರಕಟಣೆ ಓದಿದೊಡನೆ ನಂಬಿಕೆ ಬಂದುಬಿಡುತ್ತದೆ. ಆದರೆ ಚಿನ್ನ ಇದೆಯೇ ಎಂಬುದು ಒಂದು ಪ್ರಶ್ನೆ. ಕಂಪನಿ ಹೇಳಿದಷ್ಟು ಇದೆಯೇ, ಅದನ್ನು ಖರ್ಚು ಕಳೆದು ಲಾಭ ಉಳಿಯುವಂತೆ ತೆಗೆಯಲು ಇವರಿಂದ ಆದೀತೇ, ಆ ಹೊತ್ತಿಗೆ ಲಾಭದಲ್ಲಿ ನನ್ನ ಪಾಲು ಎಷ್ಟು ಉಳಿದಿರುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಹಣ ಹಾಕುವವನಿಗೆ ಬೇಕಾದದ್ದು ಎರಡನೆಯದರ ಉತ್ತರ.

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಷೇರು ವ್ಯವಹಾರದ ಕಚೇರಿಯೊಂದಿದೆ. ಅಲ್ಲಿ ಸಂಜೆ ಸೇರುವ ನಮ್ಮ ಗುಂಪಿನಲ್ಲಿ ಹೊರದೇಶದ ಒಂದು ಪುಟ್ಟ ಚಿನ್ನದ ಕಂಪನಿಯ ಬಗ್ಗೆ ತಿಂಗಳುಗಟ್ಟಲೆ ವಾದ ನಡೆದಿದೆ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಅದರ ಪರ, ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕರೊಬ್ಬರು ವಿರುದ್ಧ. “ಮೇಷ್ಟ್ರೇ, ಪ್ರವರ್ತಕರು ತಮ್ಮ ಸ್ವಂತ ದುಡ್ಡನ್ನೇ ಹಾಕಿದ್ದಾರೆ. ಸುಳ್ಳಾಗಿದ್ದರೆ ಹಾಕುತ್ತಿದ್ದರೇ?” ಎಂದು ಇವರು ಕೇಳುತ್ತಾರೆ. “ಯಜಮಾನರೇ, ಅವರು ಷೇರನ್ನು ಯಾವ ಬೆಲೆಗೆ ಪಡೆದರು, ನೀವು ಯಾವ ಬೆಲೆಗೆ ಕೊಳ್ಳುತ್ತಿದ್ದೀರಿ ಎಂಬುದನ್ನೂ ಹೇಳಿ” ಎಂದು ಅವರು ಮರುಪ್ರಶ್ನೆ ಹಾಕುತ್ತಾರೆ. ಇಬ್ಬರೂ ಪ್ರಾಮಾಣಿಕರು, ಇಬ್ಬರೂ ಓದಿಕೊಂಡವರು. ಅವರ ಜಗಳ ಬಗೆಹರಿಯದಿರುವುದಕ್ಕೆ ಕಾರಣ, ಇಬ್ಬರೂ ಮನುಷ್ಯರನ್ನು ತೂಗುತ್ತಿದ್ದಾರೆ. ತೂಗಬೇಕಾದದ್ದು ಮಾತನ್ನು. ಕಂಪನಿ ಹೇಳಿದ ಮಾತಿನಲ್ಲಿ ಎಷ್ಟು ಭಾಗವನ್ನು ಕಂಪನಿಗೆ ಸೇರದವರು ಪರೀಕ್ಷಿಸಿದ್ದಾರೆ, ಎಷ್ಟು ಭಾಗ ಇನ್ನೂ ಅವರ ಬಾಯಿಮಾತಾಗಿಯೇ ಉಳಿದಿದೆ ಎಂದು ಬೇರ್ಪಡಿಸಿದರೆ ವಾದದ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತದೆ.

ಚಿನ್ನವೋ, ಕಂಪನಿಯೋ

ಚಿನ್ನದ ಬೆಲೆ ಏರುತ್ತದೆ ಎಂಬ ಭರವಸೆಯಿಂದಲೇ ಗಣಿ ಷೇರಿಗೆ ಕೈಹಾಕುವವರು ಬಹಳ ಮಂದಿ. ಭರವಸೆ ಬೆಲೆಯ ಮೇಲೆ ಮಾತ್ರ ಇದ್ದರೆ ಗಣಿ ಕಂಪನಿಯ ಗೊಡವೆಯೇ ಬೇಡ. ನಮ್ಮ ದೇಶದಲ್ಲಿ 2007ರಿಂದ, ಷೇರಿನಂತೆ ಕೊಳ್ಳಬಹುದಾದ ಚಿನ್ನದ ನಿಧಿಗಳಾದ ಗೋಲ್ಡ್ ಇಟಿಎಫ್‌ಗಳಿವೆ. ಡಿಮ್ಯಾಟ್ ಖಾತೆ ಇದ್ದವರು ಸಣ್ಣ ಮೊತ್ತಕ್ಕೂ ಕೊಳ್ಳಬಹುದು, ಮಜೂರಿಯ ನಷ್ಟವಿಲ್ಲ. 2015ರಲ್ಲಿ ಆರಂಭವಾದ ಸಾವರಿನ್ ಗೋಲ್ಡ್ ಬಾಂಡ್‌ಗಳ ಕೊನೆಯ ಕಂತು 2024ರ ಫೆಬ್ರುವರಿಯಲ್ಲಿ ಬಂತು. ಹಳೆಯ ಬಾಂಡ್‌ಗಳು ಷೇರುಪೇಟೆಯಲ್ಲಿ ಇಂದಿಗೂ ಕೈಬದಲಾಗುತ್ತವೆ. ಇವುಗಳಲ್ಲಿ ಚಿನ್ನದ ಬೆಲೆ ಏರಿದರೆ ನಿಮ್ಮದೂ ಏರುತ್ತದೆ, ಇಳಿದರೆ ಇಳಿಯುತ್ತದೆ. ನಡುವೆ ಯಾರ ಮಾತನ್ನೂ ನಂಬಬೇಕಾಗಿಲ್ಲ.

ಗಣಿ ಷೇರಿನ ಸ್ವಭಾವ ಹಾಗಲ್ಲ. ಚಿನ್ನದ ಬೆಲೆ ದಾಖಲೆ ಏರಿದ ವರ್ಷದಲ್ಲೇ ಕಂಪನಿ ಮುಳುಗಬಹುದು. ಕೊರೆಸಿದ ಜಾಗದಲ್ಲಿ ಅದಿರು ತೆಳುವಾಗಬಹುದು, ಅನುಮತಿ ಸಿಗದಿರಬಹುದು, ಹಣ ತೀರಬಹುದು. ಹಟ್ಟಿಯ ಷೇರನ್ನೇ ಕೊಳ್ಳೋಣವೆಂದು ಕೇಳುವವರೂ ಇದ್ದಾರೆ. ಅದು ರಾಜ್ಯ ಸರ್ಕಾರದ ಕಂಪನಿ, ಷೇರುಪೇಟೆಯಲ್ಲಿ ಸಿಗುವುದಿಲ್ಲ. ಹೀಗಾಗಿ ನಮ್ಮವರ ಕಣ್ಣು ಕೆನಡಾ, ಆಸ್ಟ್ರೇಲಿಯಾದ ಪೇಟೆಗಳಲ್ಲಿರುವ ಪುಟ್ಟ ಕಂಪನಿಗಳ ಮೇಲೆ ಬೀಳುತ್ತದೆ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರಗೆ ಕಳಿಸಲು ಅವಕಾಶವಿರುವುದರಿಂದ ದಾರಿಯೇನೋ ತೆರೆದಿದೆ.

ಪೇಟೆಯಲ್ಲಿ ನೋಂದಣಿಯೇ ಆಗದ ‘ಚಿನ್ನದ ಗಣಿ’ ಕಂಪನಿಯ ಷೇರನ್ನು ಪರಿಚಯಸ್ಥರ ಮೂಲಕ ಮನೆಬಾಗಿಲಿಗೆ ತಂದು ಮಾರುವವರನ್ನು ಈ ಹೋಲಿಕೆಯಲ್ಲಿ ಸೇರಿಸುವುದೇ ಇಲ್ಲ. ಕಂಪನಿ ಕಾಯ್ದೆಯ ಪ್ರಕಾರ ಖಾಸಗಿಯಾಗಿ ಷೇರು ನೀಡುವ ಕಂಪನಿ ಒಂದು ಹಣಕಾಸು ವರ್ಷದಲ್ಲಿ 200ಕ್ಕಿಂತ ಹೆಚ್ಚು ಜನರಿಗೆ ಅದನ್ನು ನೀಡುವಂತಿಲ್ಲ. ಊರೂರಿಗೆ ಹಂಚುತ್ತಿದ್ದಾರೆಂದರೆ ಅಲ್ಲಿಗೆ ವಿಚಾರಣೆ ಮುಗಿಯಿತು.

ಉಳಿದ ಕಂಪನಿಗಳ ಮಾತು ಮೂರು ಬಗೆಯದು. ‘ಮಾಮೂಲಿ ಪರೀಕ್ಷೆಗೆ ಸಿಗದ ಚಿನ್ನ ನಮ್ಮಲ್ಲಿದೆ’ ಎನ್ನುವವರು, ‘ಕೊರೆದೆವು, ಸಿಕ್ಕಿತು’ ಎನ್ನುವವರು, ‘ಈಗಾಗಲೇ ಚಿನ್ನ ತೆಗೆದು ಮಾರುತ್ತಿದ್ದೇವೆ’ ಎನ್ನುವವರು.

ಮಾಮೂಲಿ ಪರೀಕ್ಷೆಗೆ ಸಿಗದ ಚಿನ್ನ

ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ಬಿಸಿ ಏರಿಸಿದ್ದು ಈ ಬಗೆಯ ಮಾತು. ಇಡೀ ಗುಡ್ಡದಲ್ಲಿ ಚಿನ್ನ ಹರಡಿಕೊಂಡಿದೆ, ಸಾಧಾರಣ ಪ್ರಯೋಗಾಲಯಕ್ಕೆ ಕಳಿಸಿದರೆ ಕಾಣುವುದಿಲ್ಲ, ನಮ್ಮದೇ ವಿಶೇಷ ವಿಧಾನದಲ್ಲಿ ಕಾಣುತ್ತದೆ ಎಂದು ಕಂಪನಿ ಹೇಳುತ್ತದೆ. ದೊಡ್ಡ ಕಂಪನಿಗಳಿಗೆ ಈ ವಿದ್ಯೆ ತಿಳಿದಿಲ್ಲ, ಆದ್ದರಿಂದ ಷೇರು ಇನ್ನೂ ಅಗ್ಗವಾಗಿದೆ ಎಂಬುದು ಅದರ ಬಾಲ.

ಆ ‘ಮಾಮೂಲಿ ಪರೀಕ್ಷೆ’ ಯಾವುದೆಂದು ತಿಳಿದರೆ ಈ ಮಾತಿನ ತೂಕ ತಿಳಿಯುತ್ತದೆ. ಅದರ ಹೆಸರು ಫೈರ್ ಅಸ್ಸೇ. ನುಣ್ಣಗೆ ಅರೆದ ಕಲ್ಲಿನ ಪುಡಿಯನ್ನು 30 ಅಥವಾ 50 ಗ್ರಾಂ ತೂಗಿ, ಸೀಸದ ಆಕ್ಸೈಡ್ ಮತ್ತು ಕಲ್ಲು ಕರಗಲು ನೆರವಾಗುವ ಇತರ ಪುಡಿಗಳ ಜೊತೆ ಕುಲುಮೆಯಲ್ಲಿ ಕರಗಿಸುತ್ತಾರೆ. ಕರಗಿದ ಸೀಸ ಚಿನ್ನವನ್ನೆಲ್ಲ ತನ್ನೊಳಗೆ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಆಮೇಲೆ ಮೂಳೆಬೂದಿ ಅಥವಾ ಮೆಗ್ನೀಷಿಯಾದ ಪುಟ್ಟ ಬಟ್ಟಲಿನಲ್ಲಿ ಸೀಸವನ್ನು ಹೊರಹಾಕಿದರೆ ಚಿನ್ನ, ಬೆಳ್ಳಿಯ ಮಣಿ ಉಳಿಯುತ್ತದೆ. ಶತಮಾನಗಳಿಂದ ನಡೆದು ಬಂದಿರುವ ಈ ವಿಧಾನದ ತೀರ್ಪಿನ ಮೇಲೆ ಇಂದಿಗೂ ಬೇರೆ ಮೇಲ್ಮನವಿ ನ್ಯಾಯಾಲಯ ಇಲ್ಲ. ಮಂಡಿಪೇಟೆಯಲ್ಲಿ ನೀವು ಕೊಳ್ಳುವ ಸರದ ಹಾಲ್‌ಮಾರ್ಕ್ ಕೂಡ ಕೊನೆಗೆ ನಿಂತಿರುವುದು ಇದರ ಮೇಲೆಯೇ. ಯಂತ್ರದ ಕಿರಣಗಳಿಂದ ಮೊದಲ ತಪಾಸಣೆ ನಡೆದರೂ ಶುದ್ಧತೆಯನ್ನು ನಿರ್ಣಯಿಸಲು ಭಾರತೀಯ ಮಾನಕ ಬ್ಯೂರೋ ಒಪ್ಪಿರುವ ವಿಧಾನ ಇದೇ.

ಇಲ್ಲಿ ನಂಬುವವರ ಕಡೆಗೂ ಒಂದು ನ್ಯಾಯವಾದ ಮಾತಿದೆ, ಅದನ್ನು ಬಿಟ್ಟು ಮುಂದೆ ಹೋಗಬಾರದು. ತೆಗೆಯಲು ಕಷ್ಟವಾದ ಚಿನ್ನ ನಿಜವಾಗಿಯೂ ಇದೆ. ಪೈರೈಟ್, ಆರ್ಸೆನೋಪೈರೈಟ್ ಹರಳುಗಳ ಒಳಗೆ ಸಿಕ್ಕಿಕೊಂಡ ಚಿನ್ನವನ್ನು, ಅದಿರಿನಿಂದ ಚಿನ್ನ ತೆಗೆಯಲು ಬಳಸುವ ಸಯನೈಡ್ ದ್ರಾವಣ ಕರಗಿಸಲಾರದು. ಅದಿರನ್ನು ಹುರಿಯಬೇಕು, ಇಲ್ಲವೇ ಒತ್ತಡದಲ್ಲಿ ಅಥವಾ ಬ್ಯಾಕ್ಟೀರಿಯಾದ ನೆರವಿನಿಂದ ಉತ್ಕರ್ಷಿಸಬೇಕು. ಆದರೆ ಅಂಥ ಚಿನ್ನ ಫೈರ್ ಅಸ್ಸೇಗೆ ಕಾಣುತ್ತದೆ. ಕಷ್ಟವಿರುವುದು ತೆಗೆಯುವುದರಲ್ಲಿ, ಕಾಣುವುದರಲ್ಲಿ ಅಲ್ಲ. ಹಾಗೆಯೇ ದಪ್ಪ ಕಣಗಳ ಚಿನ್ನವಿದ್ದರೆ 30 ಗ್ರಾಂ ಪುಡಿಯಲ್ಲಿ ಒಂದು ಕಣ ಬೀಳಬಹುದು, ಬೀಳದೆಯೂ ಇರಬಹುದು. ಅದಕ್ಕೆ ಮಾಡಬೇಕಾದದ್ದು ಒಂದು ಕಿಲೋದಷ್ಟು ದೊಡ್ಡ ಮಾದರಿಯನ್ನು ಜರಡಿ ಹಿಡಿದು, ದಪ್ಪ ಭಾಗವನ್ನು ಬೇರೆಯಾಗಿ ಪರೀಕ್ಷಿಸುವುದು. ಎರಡೂ ತೊಂದರೆಗೆ ಎಲ್ಲರಿಗೂ ತಿಳಿದಿರುವ, ಹಣ ಕೊಟ್ಟರೆ ಯಾವ ಒಳ್ಳೆಯ ಪ್ರಯೋಗಾಲಯವೂ ಮಾಡಿಕೊಡುವ ಪರಿಹಾರವಿದೆ. ಗುಟ್ಟಿನ ವಿಧಾನ ಬೇಕಾಗುವ ಜಾಗ ಯಾವುದೂ ಉಳಿದಿಲ್ಲ.

ಅಮೆರಿಕದ ಅರಿಜೋನಾ, ನೆವಾಡಾ ಮರುಭೂಮಿಗಳ ಹೆಸರಿನಲ್ಲಿ 1990ರ ದಶಕದಲ್ಲಿ ಇಂಥ ಮಾತುಗಳು ಹೇರಳವಾಗಿ ಕೇಳಿಬಂದಿದ್ದವು. ಅವು ಗಣಿಗಳಾಗಲಿಲ್ಲ. ಆದ್ದರಿಂದ ನನ್ನ ನಿಲುವು ಇಲ್ಲಿ ಗಟ್ಟಿ: ಒಂದೇ ಪುಡಿಯನ್ನು ಎರಡು ಪಾಲು ಮಾಡಿ, ಮಾನ್ಯತೆ ಪಡೆದ ಎರಡು ಬೇರೆ ಬೇರೆ ಪ್ರಯೋಗಾಲಯಗಳಿಗೆ, ಕಂಪನಿಯ ಕೈ ಸೋಕದಂತೆ ಹೊರಗಿನ ಇಂಜಿನಿಯರ್ ಕಳಿಸಿ, ಎರಡೂ ಕಡೆ ಒಂದೇ ಉತ್ತರ ಬರುವವರೆಗೆ ಈ ಬಗೆಯ ಕಂಪನಿಗೆ ಒಂದು ರೂಪಾಯಿಯೂ ಸಲ್ಲದು. ಈ ಪರೀಕ್ಷೆಗೆ ತಗಲುವ ಖರ್ಚು ಪ್ರಚಾರದ ಖರ್ಚಿನ ಮುಂದೆ ಏನೇನೂ ಅಲ್ಲ. ವರ್ಷಗಟ್ಟಲೆ ಅದನ್ನು ಮಾಡಿಸದ ಕಂಪನಿಯ ಮೌನವೂ ಒಂದು ಉತ್ತರವೇ.

ಇದೇ ಬಗೆಯವರು ಹೇಳುವ ಇನ್ನೊಂದು ಲೆಕ್ಕವಿದೆ. ಗುಡ್ಡದಲ್ಲಿ ಇಷ್ಟು ಟನ್ ಕಲ್ಲು, ಟನ್ನಿಗೆ ಇಷ್ಟು ಗ್ರಾಂ, ಗ್ರಾಮಿಗೆ ಇಂದಿನ ಬೆಲೆ ಇಷ್ಟು, ಗುಣಿಸಿದರೆ ಸಾವಿರಾರು ಕೋಟಿ. ಕೆನಡಾದ ಎನ್‌ಐ 43-101 ನಿಯಮ ಮತ್ತು ಆಸ್ಟ್ರೇಲಿಯಾದ ಜೋರ್ಕ್ ಸಂಹಿತೆ, ಗಣಿ ಕಂಪನಿಗಳು ನಿಕ್ಷೇಪದ ಬಗ್ಗೆ ಹೇಗೆ ಪ್ರಕಟಿಸಬೇಕೆಂಬ ಈ ಎರಡೂ ಕಟ್ಟಳೆಗಳು, ಇಂಥ ಒಟ್ಟು ಬೆಲೆಯ ಪ್ರಕಟಣೆಗೆ ತಡೆ ಹಾಕಿವೆ. ಕಲ್ಲು ಒಡೆಯುವ, ಅರೆಯುವ, ಕರಗಿಸುವ ಖರ್ಚು ಆ ಗುಣಾಕಾರದಲ್ಲಿ ಇರುವುದಿಲ್ಲವಾದ್ದರಿಂದ ಆ ಸಂಖ್ಯೆಗೆ ಅರ್ಥವಿಲ್ಲ.

ಕೊರೆದೆವು, ಸಿಕ್ಕಿತು

ಇದು ಗೌರವದಿಂದ ನೋಡಬೇಕಾದ ಮಾತು. ಎಲ್ಲ ಗಣಿಗಳೂ ಹುಟ್ಟಿದ್ದು ಇಲ್ಲಿಂದಲೇ. ಮೋಸವಿಲ್ಲದೆಯೂ ದಾರಿ ತಪ್ಪಿಸುವ ಸಾಧ್ಯತೆ ಕೂಡ ಇಲ್ಲಿಯೇ ಹೆಚ್ಚು.

ಚಿತ್ರದುರ್ಗದ ರೈತನಿಗೆ ಕೊರೆತದ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಒಂದು ಕೊಳವೆಬಾವಿಯಲ್ಲಿ ಮೂರು ಇಂಚು ನೀರು ಬಿದ್ದ ಮಾತ್ರಕ್ಕೆ ಇಡೀ ಹೊಲದಡಿ ಕೆರೆ ಇದೆ ಎಂದು ಯಾರೂ ಬ್ಯಾಂಕಿನಿಂದ ಸಾಲ ತರುವುದಿಲ್ಲ. ಹತ್ತು ಮಾರು ಆಚೆ ಕೊರೆಸಿದರೆ ದೂಳು ಬರಬಹುದು. ಈ ವಿಷಯದಲ್ಲಿ ಚಿನ್ನವೂ ನೀರಿನ ಹಾಗೆಯೇ. ಒಂದು ರಂಧ್ರದಲ್ಲಿ ಒಳ್ಳೆಯ ಅದಿರು ಸಿಕ್ಕಿದೆ ಎಂದರೆ ಆ ರಂಧ್ರದಲ್ಲಿ ಸಿಕ್ಕಿದೆ ಎಂದಷ್ಟೇ ಅರ್ಥ. ಸುತ್ತ ನಿಗದಿತ ಅಂತರದಲ್ಲಿ ಕೊರೆದ ರಂಧ್ರಗಳಲ್ಲೂ ಅದೇ ಪದರ ಮುಂದುವರಿದಿದೆಯೇ ಎಂದು ನೋಡಬೇಕು. ಖಾಲಿ ಬಂದ ರಂಧ್ರಗಳನ್ನೂ ಪ್ರಕಟಿಸುವ ಕಂಪನಿಯ ಮೇಲೆ ನನಗೆ ಗೌರವ ಹೆಚ್ಚು.

ಪ್ರಕಟಣೆಯ ತಲೆಬರಹವನ್ನು ಬಿಡಿಸಿ ಓದುವುದಕ್ಕೆ ಒಂದು ಲೆಕ್ಕ ಸಾಕು. ‘5 ಮೀಟರ್ ಉದ್ದಕ್ಕೆ ಟನ್ನಿಗೆ 20 ಗ್ರಾಂ, ಅದರೊಳಗೆ ಅರ್ಧ ಮೀಟರಿಗೆ 190 ಗ್ರಾಂ’ ಎಂದು ಬರೆದಿದ್ದಾರೆ ಎಂದುಕೊಳ್ಳಿ. 5ನ್ನು 20ರಿಂದ ಗುಣಿಸಿದರೆ 100. ಅರ್ಧವನ್ನು 190ರಿಂದ ಗುಣಿಸಿದರೆ 95. ಅಂದರೆ ಉಳಿದ ನಾಲ್ಕೂವರೆ ಮೀಟರಿಗೆ ದಕ್ಕಿದ್ದು ಬರೀ 5. ಟನ್ನಿಗೆ ಒಂದು ಗ್ರಾಂ ಚಿಲ್ಲರೆ. ತಲೆಬರಹದಲ್ಲಿ ಐದು ಮೀಟರ್ ದಪ್ಪದ ಶ್ರೀಮಂತ ಅದಿರು ಕಂಡರೆ, ಕಲ್ಲಿನಲ್ಲಿ ಇರುವುದು ಒಂದೂವರೆ ಅಡಿಯ ಎಳೆ. ಎರಡೂ ಸಂಖ್ಯೆ ಸತ್ಯ, ಕಂಪನಿ ಸುಳ್ಳು ಹೇಳಿಲ್ಲ. ಆದರೆ ಭೂಗತ ಗಣಿಯಲ್ಲಿ ಮನುಷ್ಯರೂ ಯಂತ್ರವೂ ಕೆಲಸ ಮಾಡಲು ಬೇಕಾದ ಅಗಲಕ್ಕೆ ಅಗೆದಾಗ ಆ ಎಳೆಯ ಜೊತೆ ಎಷ್ಟೊಂದು ಬರಡು ಕಲ್ಲೂ ಬರುತ್ತದೆ. ಜೊತೆಗೆ ರಂಧ್ರ ಪದರವನ್ನು ಓರೆಯಾಗಿ ಹಾಯ್ದಿದ್ದರೆ ಐದು ಮೀಟರ್ ಎಂಬುದೂ ನಿಜವಾದ ದಪ್ಪವಲ್ಲ. ‘ನಿಜವಾದ ದಪ್ಪ ಇನ್ನೂ ತಿಳಿದಿಲ್ಲ’ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಆ ಸಾಲನ್ನು ಹುಡುಕಿ ಓದಿ.

ಮಾದರಿಯ ಕಾವಲು ಇನ್ನೊಂದು ವಿಷಯ. ಇಂಡೊನೇಷ್ಯಾದ ಬುಸಾಂಗ್‌ನಲ್ಲಿ ಅಪಾರ ಚಿನ್ನವಿದೆ ಎಂದು ಹೇಳಿಕೊಂಡ ಕೆನಡಾದ ಬ್ರೆ-ಎಕ್ಸ್ ಕಂಪನಿಯ ಪೇಟೆ ಮೌಲ್ಯ ಒಂದು ಹಂತದಲ್ಲಿ 600 ಕೋಟಿ ಕೆನಡಿಯನ್ ಡಾಲರ್ ಮುಟ್ಟಿತ್ತು. ಕೊರೆದಾಗ ಬರುವ ಕೋರ್ ಎಂಬ ಕಲ್ಲಿನ ಉರುಳೆಯನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಪರೀಕ್ಷೆಗೆ ಕಳಿಸಿ, ಉಳಿದರ್ಧವನ್ನು ಪೆಟ್ಟಿಗೆಯಲ್ಲಿ ಕಾಪಿಡುವುದು ರೂಢಿ. ಅನುಮಾನ ಬಂದವರು ಆ ಅರ್ಧವನ್ನು ಮತ್ತೆ ಪರೀಕ್ಷಿಸಬಹುದು. ಬುಸಾಂಗ್‌ನಲ್ಲಿ ಕೋರ್ ಅನ್ನು ಹಾಗೆ ಸೀಳಿ ಉಳಿಸದೆ ಪರೀಕ್ಷೆಗೇ ಕಳಿಸಿಬಿಡುತ್ತಿದ್ದರು. 1997ರಲ್ಲಿ ಪಾಲುದಾರನಾಗಲು ಬಂದ ಫ್ರೀಪೋರ್ಟ್ ಕಂಪನಿ ಹಳೆಯ ರಂಧ್ರಗಳ ಪಕ್ಕದಲ್ಲೇ ತಾನೇ ಕೊರೆದು ನೋಡಿದಾಗ ಹೇಳಿಕೊಳ್ಳುವಂಥ ಚಿನ್ನ ಸಿಗಲಿಲ್ಲ. ಮಾದರಿಗಳಿಗೆ ಹೊರಗಿನ ಚಿನ್ನ ಬೆರೆಸಲಾಗಿತ್ತು ಎಂಬುದು ಆ ವರ್ಷದ ಮೇ ತಿಂಗಳ ಸ್ವತಂತ್ರ ವರದಿಯಿಂದ ಹೊರಬಿತ್ತು. ಪಿಂಚಣಿ ನಿಧಿಗಳೂ, ಹೆಸರಾಂತ ವಿಶ್ಲೇಷಕರೂ ಅದನ್ನು ನಂಬಿದ್ದರು. ಪಕ್ಕದಲ್ಲಿ ಇನ್ನೊಬ್ಬರು ಕೊರೆಯುವವರೆಗೆ ಅವರ ಯಾರ ಪಾಂಡಿತ್ಯವೂ ನೆರವಿಗೆ ಬರಲಿಲ್ಲ. ಕೆನಡಾದ ಎನ್‌ಐ 43-101 ನಿಯಮ 2001ರಲ್ಲಿ ಬಂದದ್ದು ಈ ಪೆಟ್ಟಿನ ನಂತರವೇ.

ಕೊರೆತದ ಫಲಿತಾಂಶಗಳು ಸಾಕಷ್ಟು ಕೂಡಿದ ಮೇಲೆ ನಿಕ್ಷೇಪದ ಅಂದಾಜು ಬರುತ್ತದೆ. ಇನ್ಫರ್ಡ್, ಇಂಡಿಕೇಟೆಡ್, ಮೆಷರ್ಡ್ ಎಂದು ಅದಕ್ಕೆ ಮೂರು ಮೆಟ್ಟಿಲು. ಇನ್ಫರ್ಡ್ ಎಂದರೆ ವಿರಳವಾದ ರಂಧ್ರಗಳಿಂದ ಕಟ್ಟಿದ ಅಂದಾಜು. ಗಣಿ ಯೋಜನೆಯ ಲಾಭನಷ್ಟದ ಅಂತಿಮ ಲೆಕ್ಕಕ್ಕೆ ಅದನ್ನು ಆಧಾರ ಮಾಡಿಕೊಳ್ಳುವಂತಿಲ್ಲ. ಹೆಚ್ಚು ಒತ್ತಾಗಿ ಕೊರೆದು ಕಟ್ಟಿದ ಉಳಿದ ಎರಡರ ಮೇಲೆ ಕಾರ್ಯಸಾಧ್ಯತೆಯ ಅಧ್ಯಯನ ನಡೆದು, ಖರ್ಚು ಕಳೆದೂ ಲಾಭವಿದೆ ಎಂದು ತೋರಿದ ಭಾಗ ಮಾತ್ರ ರಿಸರ್ವ್. ನಮ್ಮ ದೇಶದಲ್ಲಿ 2015ರ ಖನಿಜ ನಿಯಮಗಳು ಶೋಧದ ಹಂತಗಳನ್ನು ಜಿ4ರಿಂದ ಜಿ1ರವರೆಗೆ ಗುರುತಿಸುತ್ತವೆ. ಜಿ4 ಮೇಲುನೋಟದ ಸಮೀಕ್ಷೆ, ಜಿ1 ವಿವರವಾದ ಶೋಧ. ‘ಇಷ್ಟು ಟನ್ ಚಿನ್ನ ಪತ್ತೆ’ ಎಂಬ ಸುದ್ದಿ ಕಂಡಾಗಲೆಲ್ಲ ಯಾವ ಹಂತ ಎಂದು ಕೇಳಿ. ಜಿ4ರ ಸುದ್ದಿಗೆ ಜಿ1ರ ಬೆಲೆ ಕೊಟ್ಟು ಷೇರು ಕೊಂಡವರ ಹಣ ವರ್ಷಗಟ್ಟಲೆ ಸಿಕ್ಕಿಕೊಳ್ಳುತ್ತದೆ. ಮೊದಲ ಒಳ್ಳೆಯ ರಂಧ್ರದಿಂದ ಮೊದಲ ಗಟ್ಟಿಯವರೆಗೆ ಹತ್ತು ವರ್ಷ ದಾಟುವುದು ಈ ಉದ್ಯಮದಲ್ಲಿ ಅಪರೂಪವಲ್ಲ.

ಈಗಾಗಲೇ ಚಿನ್ನ ತೆಗೆದು ಮಾರುತ್ತಿದ್ದೇವೆ

ಮೂರರಲ್ಲಿ ಇದನ್ನು ಪರೀಕ್ಷಿಸುವುದೇ ಸುಲಭ, ಏಕೆಂದರೆ ಲೆಕ್ಕಪತ್ರ ಸಾಕ್ಷಿ ಹೇಳುತ್ತದೆ. ಗಟ್ಟಿ ಹಿಡಿದು ನಿಂತ ನಿರ್ದೇಶಕರ ಚಿತ್ರವನ್ನು ಪಕ್ಕಕ್ಕಿಟ್ಟು ಗುಣಾಕಾರಕ್ಕೆ ಕೂರಿ.

ದಿನಕ್ಕೆ 100 ಟನ್ ಅದಿರು ಅರೆಯುತ್ತೇವೆ, ಟನ್ನಿಗೆ 4 ಗ್ರಾಂ ಇದೆ, ಅದರಲ್ಲಿ ಶೇ 90 ಕೈಗೆ ಬರುತ್ತದೆ ಎಂದು ಕಂಪನಿ ಹೇಳುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 360 ಗ್ರಾಂ ಆಯಿತು. ವರ್ಷದಲ್ಲಿ 300 ದಿನ ಕಾರ್ಖಾನೆ ನಡೆದರೆ 108 ಕಿಲೋ. ಲೆಕ್ಕದ ಅನುಕೂಲಕ್ಕೆ ಗ್ರಾಮಿಗೆ 10,000 ರೂಪಾಯಿ ಹಿಡಿದರೆ 108 ಕೋಟಿ ರೂಪಾಯಿ ವಹಿವಾಟು ಕಾಣಬೇಕು. ಲೆಕ್ಕಪರಿಶೋಧಕರು ಸಹಿ ಹಾಕಿದ ವಾರ್ಷಿಕ ವರದಿಯಲ್ಲಿ 11 ಕೋಟಿ ಇದ್ದರೆ, ನಾಲ್ಕು ಮಾತುಗಳಲ್ಲಿ ಯಾವುದೋ ಒಂದು ನಿಂತಿಲ್ಲ: ಅಷ್ಟು ಅರೆಯುತ್ತಿಲ್ಲ, ಅಷ್ಟು ಚಿನ್ನ ಅದಿರಿನಲ್ಲಿಲ್ಲ, ಅಷ್ಟು ಕೈಗೆ ಬರುತ್ತಿಲ್ಲ, ಇಲ್ಲವೇ ಅಷ್ಟು ದಿನ ಕೆಲಸ ನಡೆದಿಲ್ಲ. ಯಾವುದೆಂದು ಕಂಪನಿಯೇ ವಿವರಿಸಬೇಕು. ವಿವರಿಸುವ ಕಂಪನಿಗಳೂ ಇವೆ. ಮೊದಲ ವರ್ಷ ಯಂತ್ರ ಹೊಂದಿಕೊಳ್ಳಲು ಸಮಯ ಹಿಡಿಯುವುದು ಸಹಜ. ಆದರೆ ಎರಡನೆಯ, ಮೂರನೆಯ ವರ್ಷವೂ ಅದೇ ಕಾರಣ ಬಂದರೆ ಕಾರಣ ಅದಲ್ಲ.

ಮುಂದಿನ ಪ್ರಶ್ನೆ ಖರ್ಚಿನದು. ಗಣಿಯಿಂದ ತೆಗೆಯುವ ಬರೀ ಕೂಲಿ, ವಿದ್ಯುತ್ತಿನ ಖರ್ಚನ್ನು ತೋರಿಸಿ ಲಾಭ ಹೇಳುವುದು ಹಿಂದೆ ರೂಢಿಯಲ್ಲಿತ್ತು. ಗಣಿಯನ್ನು ನಡೆಸಿಕೊಂಡು ಹೋಗಲು ಬೇಕಾದ ಬಂಡವಾಳ, ಆಡಳಿತದ ಖರ್ಚು ಎಲ್ಲವೂ ಸೇರಿದ ಸಮಗ್ರ ವೆಚ್ಚದ ಅಳತೆಯನ್ನು ವರ್ಲ್ಡ್ ಗೋಲ್ಡ್ ಕೌನ್ಸಿಲ್ 2013ರಲ್ಲಿ ರೂಪಿಸಿತು. ಆ ಅಳತೆಯಲ್ಲಿ ಹೇಳದ ಕಂಪನಿಯ ಲಾಭವನ್ನು ಅರ್ಧ ಲೆಕ್ಕವೆಂದೇ ಓದಬೇಕು.

ಒಂದು ಎಚ್ಚರಿಕೆ ಇಲ್ಲಿ ಬೇಕು. ಕಾರ್ಯಸಾಧ್ಯತೆಯ ಅಧ್ಯಯನವಿಲ್ಲದೆ, ರಿಸರ್ವ್ ತೋರಿಸದೆ ನೇರವಾಗಿ ಉತ್ಪಾದನೆಗೆ ಇಳಿಯುವ ಸಣ್ಣ ಕಂಪನಿಗಳಿವೆ. ಅವು ನಿಜವಾಗಿ ಚಿನ್ನ ತೆಗೆಯುತ್ತಿರಬಹುದು, ಆದರೆ ಮುಂದಿನ ವರ್ಷದ ಅದಿರು ಎಲ್ಲಿದೆ ಎಂಬುದು ಅವರಿಗೂ ತಿಳಿದಿರುವುದಿಲ್ಲ.

ಮೂರಕ್ಕೂ ಹೊಂದುವ ಎರಡು ತಪಾಸಣೆ

ಮೊದಲನೆಯದು ಷೇರುಗಳ ಸಂಖ್ಯೆ. ಆದಾಯವಿಲ್ಲದ ಶೋಧ ಕಂಪನಿ ಬದುಕುವುದು ಹೊಸ ಷೇರು ಮಾರಿ. 10 ಕೋಟಿ ಷೇರುಗಳಿದ್ದ ಕಂಪನಿ ಐದು ವರ್ಷದಲ್ಲಿ 40 ಕೋಟಿಗೆ ಏರಿದರೆ, ಶೇ 1ರಷ್ಟಿದ್ದ ನಿಮ್ಮ ಪಾಲು ಶೇ 0.25ಕ್ಕೆ ಇಳಿಯುತ್ತದೆ. ಚಿನ್ನ ಸಿಕ್ಕರೂ ನಿಮಗೆ ಸಿಗುವುದು ಅದರಂತೆಯೇ. ಹೊಸ ಷೇರು ಯಾರಿಗೆ, ಯಾವ ಬೆಲೆಗೆ, ಯಾವ ವಾರಂಟ್ (ಮುಂದೆ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು) ಜೊತೆ ಹೋಯಿತು ಎಂದು ನೋಡಿ. ಬಂದ ಹಣದಲ್ಲಿ ಎಷ್ಟು ನೆಲದೊಳಗೆ ಹೋಯಿತು, ಎಷ್ಟು ಸಂಬಳಕ್ಕೆ, ಪ್ರಚಾರಕ್ಕೆ ಹೋಯಿತು ಎಂಬುದೂ ಲೆಕ್ಕಪತ್ರದಲ್ಲಿ ಇರುತ್ತದೆ. ಕೊರೆತಕ್ಕಿಂತ ಕಚೇರಿಗೆ ಹೆಚ್ಚು ಖರ್ಚು ಮಾಡುವ ಶೋಧ ಕಂಪನಿ ಯಾವುದನ್ನು ಶೋಧಿಸುತ್ತಿದೆ ಎಂದು ಕೇಳುವ ಹಕ್ಕು ಷೇರುದಾರನಿಗಿದೆ. ನಮ್ಮ ಬೆಳೆಗಾರರು ಹೇಳುವ ‘ಪ್ರವರ್ತಕರ ಸ್ವಂತ ದುಡ್ಡು’ ಕೂಡ ಇಲ್ಲಿಯೇ ತೀರ್ಮಾನವಾಗುತ್ತದೆ: ಪೇಟೆಯಲ್ಲಿ ನಿಮ್ಮಂತೆ ಬೆಲೆ ತೆತ್ತು ಕೊಂಡಿದ್ದರೆ ಅದು ನಂಬಿಕೆಯ ಗುರುತು, ಸಂಬಳದ ಬದಲು ಪಡೆದ ಷೇರುಗಳಾಗಿದ್ದರೆ ಅಲ್ಲ.

ಎರಡನೆಯದು ಅನುಮತಿ. ಈ ಸೀಮೆಯವರು ಇದನ್ನು ಕಣ್ಣಾರೆ ಕಂಡಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಜೊತೆಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳು ರಾತ್ರೋರಾತ್ರಿ ನಿಂತವು. ಅದಿರು ಇದ್ದಲ್ಲಿಯೇ ಇತ್ತು. ಚಿನ್ನದ ವಿಷಯದಲ್ಲೂ ಅಷ್ಟೇ. 2015ರ ತಿದ್ದುಪಡಿಯ ನಂತರ ದೇಶದಲ್ಲಿ ಗಣಿ ಗುತ್ತಿಗೆ ಹರಾಜಿನಿಂದ ಬರುತ್ತದೆ. ಅದಕ್ಕೂ ಮುನ್ನ ಶೋಧದ ಪರವಾನಗಿ ಪಡೆದು, ಗಣಿ ಗುತ್ತಿಗೆ ತಾನಾಗಿ ಬರುತ್ತದೆಂದು ಕಾದಿದ್ದ ಕಂಪನಿಗಳ ಹಕ್ಕು 2021ರ ತಿದ್ದುಪಡಿಯಿಂದ ಕೊನೆಗೊಂಡಿತು. ವರ್ಷಗಟ್ಟಲೆ ಕೊರೆದವರಿಗೂ ಕೈಯಲ್ಲಿ ಉಳಿದದ್ದು ವರದಿಯ ಕಟ್ಟು. 2023ರಲ್ಲಿ ಚಿನ್ನವೂ ಸೇರಿದಂತೆ 29 ಖನಿಜಗಳಿಗೆ ಹೊಸ ಶೋಧ ಪರವಾನಗಿ ಬಂದಿದೆ. ಯಾವುದೇ ದೇಶದ ಕಂಪನಿಯಾಗಲಿ, ‘ನಮ್ಮ ಗಣಿ’ ಎಂದು ಹೇಳುವ ಜಾಗದ ಮೇಲೆ ಅವರಿಗಿರುವುದು ಶೋಧಿಸುವ ಹಕ್ಕೋ, ಅಗೆಯುವ ಹಕ್ಕೋ ಎಂದು ದಾಖಲೆಯಲ್ಲಿ ನೋಡಬೇಕು. ಅರಣ್ಯ, ಪರಿಸರ, ನೀರಿನ ಅನುಮತಿಗಳು ಅದರ ಮೇಲೆ.

ಅನುಮಾನಪಡುವವರೇ ಯಾವಾಗಲೂ ಗೆದ್ದಿಲ್ಲ

ಅಧ್ಯಾಪಕರ ಪಕ್ಷಕ್ಕೆ ನಾನು ಹೆಚ್ಚು ವಾಲಿದ್ದೇನೆ ಎಂಬುದು ಇಷ್ಟರಲ್ಲಿ ತಿಳಿದಿರುತ್ತದೆ. ಬೆಳೆಗಾರರ ಪಕ್ಷಕ್ಕೂ ಚರಿತ್ರೆಯಲ್ಲಿ ದೊಡ್ಡ ಸಾಕ್ಷಿಯಿದೆ, ಅದೂ ನಮ್ಮ ರಾಜ್ಯದ್ದೇ.

1880ರ ಆಸುಪಾಸಿನಲ್ಲಿ ವಯನಾಡು, ನೀಲಗಿರಿ ಅಂಚಿನ ಚಿನ್ನಕ್ಕಾಗಿ ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿ, ಜನರಿಂದ ಅಪಾರ ಬಂಡವಾಳ ಎತ್ತಿ, ಕೆಲವೇ ವರ್ಷಗಳಲ್ಲಿ ನೆಲಕಚ್ಚಿದವು. ಅದೇ ಹೊತ್ತಿನಲ್ಲಿ ಕೋಲಾರದಲ್ಲೂ ಕಂಪನಿಗಳು ಹಣ ಕರಗಿಸುತ್ತಿದ್ದವು. ಮೈಸೂರು ಹೆಸರಿನ ಕಂಪನಿಯ ಬಂಡವಾಳ 1880ರ ದಶಕದ ನಡುವೆ ಬಹುಪಾಲು ಮುಗಿದು, ಷೇರುದಾರರು ಮುಚ್ಚಿಬಿಡೋಣ ಎನ್ನುವ ಹಂತಕ್ಕೆ ಬಂದಿದ್ದರು. ಗಣಿ ನಿರ್ವಹಿಸುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಉಳಿದ ಅಲ್ಪ ಹಣವನ್ನೂ ಅಗೆತಕ್ಕೇ ಹಾಕೋಣ ಎಂದು ಒಪ್ಪಿಸಿತು. ಸಿಕ್ಕಿದ್ದು ಚಾಂಪಿಯನ್ ಎಂಬ ಶ್ರೀಮಂತ ಅದಿರಿನ ಪದರ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವ ಹೊತ್ತಿಗೆ ಕೋಲಾರ ಕೊಟ್ಟ ಚಿನ್ನ ಸುಮಾರು 800 ಟನ್.

ವಯನಾಡನ್ನೂ ಕೋಲಾರವನ್ನೂ 1884ರಲ್ಲಿ ಲಂಡನ್ನಿನ ಒಬ್ಬ ಷೇರುದಾರ ಹೇಗೆ ಬೇರ್ಪಡಿಸಬಹುದಿತ್ತು? ಪ್ರಕಟಣೆಗಳಿಂದ ಸಾಧ್ಯವಿರಲಿಲ್ಲ, ಎರಡೂ ಕಡೆ ಮಾತು ಒಂದೇ. ಆದರೆ ಕೋಲಾರದಲ್ಲಿ ಹಿಂದಿನವರು ಆಳಕ್ಕೆ ತೋಡಿದ ಗುಂಡಿಗಳ ಸಾಲು ಇತ್ತು, ಅವರು ಬಿಟ್ಟ ಕಡೆಯಿಂದ ಕೆಳಗೆ ಇಳಿದು ನೋಡುವ ನಿರ್ದಿಷ್ಟ ಯೋಜನೆ ಇತ್ತು, ಗಣಿ ನಡೆಸಿ ಅನುಭವವಿದ್ದ ಸಂಸ್ಥೆ ಇತ್ತು. ಹೀಗಿದ್ದೂ ಅದು ಸೋಲಬಹುದಿತ್ತು. ಅಂಥ ಪಂದ್ಯಕ್ಕೆ ಹಾಕುವ ಹಣ ಮಗಳ ಮದುವೆಗೆ ಎತ್ತಿಟ್ಟದ್ದಾಗಿರಬಾರದು, ಈ ವರ್ಷದ ಅಡಿಕೆ ಪೂರ್ತಿ ಮಾರಿದ್ದಾಗಿರಬಾರದು.

ಯಾವುದನ್ನು ಆರಿಸಿಕೊಳ್ಳುವುದು

ಚಿನ್ನದ ಬೆಲೆಯ ಮೇಲೆ ನಂಬಿಕೆ ಇರುವವರಿಗೆ ಇಟಿಎಫ್. ಗಣಿಯಲ್ಲೇ ಪಾಲು ಬೇಕೆನ್ನುವವರಿಗೆ ಕನಿಷ್ಠ ಎರಡು ವರ್ಷದ ಪರಿಶೋಧಿತ ಮಾರಾಟ ತೋರಿಸಿದ ಉತ್ಪಾದಕ ಕಂಪನಿ. ಪೂರ್ತಿ ಕಳೆದರೂ ಬದುಕು ಅಲುಗದಷ್ಟು ಹಣ ಇರುವವರು ಕೊರೆಯುವ ಕಂಪನಿಗಳನ್ನು ನೋಡಬಹುದು, ಒಂದೇ ಕಂಪನಿಗೆ ಎಲ್ಲವನ್ನೂ ಸುರಿಯದೆ, ಇಂಡಿಕೇಟೆಡ್ ಅಂದಾಜು ಬಂದ ಮೇಲೆ. ಆಗ ಷೇರಿನ ಬೆಲೆ ಏರಿರುತ್ತದೆ ಎಂದು ಬೆಳೆಗಾರರು ಆಕ್ಷೇಪಿಸುತ್ತಾರೆ. ಏರಿರುತ್ತದೆ, ನಿಜ. ಆ ಹೆಚ್ಚಿನ ಬೆಲೆ ಪರೀಕ್ಷೆ ಮುಗಿದದ್ದಕ್ಕೆ ಕೊಡುವ ಬೆಲೆ, ಮತ್ತು ನನ್ನ ಮಟ್ಟಿಗೆ ಅದು ದುಬಾರಿಯಲ್ಲ. ಪ್ರಯೋಗಾಲಯಕ್ಕೆ ಕಾಣದ ಚಿನ್ನದ ಕಂಪನಿ ಯಾವ ಬೆಲೆಗೂ ಬೇಡ.

ಈಗಾಗಲೇ ಷೇರು ಇಟ್ಟುಕೊಂಡವರು ಮುಂದಿನ ಪ್ರಕಟಣೆಗೆ ಕಾಯದೆ ಕಂಪನಿಗೆ ಪತ್ರ ಬರೆಯಿರಿ. ಮಾದರಿಯನ್ನು ಯಾವ ಪ್ರಯೋಗಾಲಯ ಪರೀಕ್ಷಿಸಿತು, ಅರ್ಧ ಕೋರ್ ಎಲ್ಲಿದೆ, ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕು, ಅಗೆಯುವ ಅನುಮತಿ ಯಾವ ಹಂತದಲ್ಲಿದೆ ಎಂದು ಕೇಳಿ. ಕೆನಡಾದ ಕಂಪನಿಯಾದರೆ ಸೆಡಾರ್ ಪ್ಲಸ್ ಜಾಲತಾಣದಲ್ಲಿ ಅದರ ತಾಂತ್ರಿಕ ವರದಿ ಯಾರಿಗಾದರೂ ಉಚಿತವಾಗಿ ಸಿಗುತ್ತದೆ. ವರದಿಗೆ ಸಹಿ ಹಾಕಿದವರು ಕಂಪನಿಯ ನೌಕರರೋ ಹೊರಗಿನವರೋ ಎಂಬುದನ್ನೂ ಅದರಲ್ಲೇ ನೋಡಬಹುದು. ಭಾರತದ ಪೇಟೆಯಲ್ಲಿರುವ ಕಂಪನಿಯಾಗಿದ್ದು, ಪತ್ರಕ್ಕೆ ಉತ್ತರ ಬಾರದಿದ್ದರೆ ಸೆಬಿಯ ಸ್ಕೋರ್ಸ್ ತಾಣದಲ್ಲಿ ದೂರು ದಾಖಲಿಸಲು ಅವಕಾಶವಿದೆ.